ಆಸ್ರವ, ಸಂವರ ಮತ್ತು ಒಂದು ಎಣ್ಣೆ ಡಬ್ಬಿ

ಟರ್ಬೊ ಎಂಜಿನ್ನಿನ ಕಾರು ಇಟ್ಟುಕೊಂಡವರ ನಡುವೆ ಆಗಾಗ ಜಗಳಕ್ಕೆ ಬರುವ ಒಂದು ಡಬ್ಬಿಯಿದೆ. ಆಯಿಲ್ ಕ್ಯಾಚ್ ಕ್ಯಾನ್ ಎಂದು ಅದರ ಹೆಸರು. ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು, ಒಳಬರುವುದಕ್ಕೊಂದು ಹೊರಹೋಗುವುದಕ್ಕೊಂದು ಹೋಸು, ನಡುವೆ ಜಾಲರಿ, ಅಡಿಯಲ್ಲಿ ಸೋಸಿದ್ದನ್ನು ಇಳಿಸಲು ಒಂದು ತಿರುಪು. ಎಂಜಿನ್ನು ತನ್ನದೇ ಹೊಟ್ಟೆಯಿಂದ ಹೊರಟ ಎಣ್ಣೆಹಬೆಯನ್ನು ಉಸಿರಿನ ಜೊತೆ ಮತ್ತೆ ಒಳಗೆಳೆದುಕೊಳ್ಳುತ್ತದಲ್ಲ, ಆ ಹಬೆಯನ್ನು ದಾರಿಯಲ್ಲೇ ತಡೆದು ಕೂರಿಸುವುದು ಇದರ ಕೆಲಸ. ಹಾಕಿಸಬೇಕೋ ಬೇಡವೋ ಎಂಬುದು ಮೆಕ್ಯಾನಿಕ್ಕಿನ ಹತ್ತಿರ ಇತ್ಯರ್ಥವಾಗುವ ಸಂಗತಿ. ಆದರೆ ಧರ್ಮಚಿಂತಕರು ಬಹಳ ಹಿಂದೆಯೇ ಎತ್ತಿಕೊಂಡ ಒಂದು ಪ್ರಶ್ನೆಯನ್ನು ಈ ಡಬ್ಬಿ ಕಣ್ಣಿಗೆ ಕಾಣುವ ಹಾಗೆ ನಮ್ಮ ಮುಂದಿಡುತ್ತದೆ. ಒಂದರಿಂದ ಕೊಳೆ ಹೋಯಿತು ಎಂದ ಮಾತ್ರಕ್ಕೆ ಅದು ಶುದ್ಧವಾಯಿತು ಎನ್ನಬಹುದೆ, ಅಥವಾ ಹೋದ ಕೊಳೆ ಎಲ್ಲಿ ಹೋಗಿ ನಿಂತಿತು ಎಂದು ನೋಡಿದ ಮೇಲೆಯೇ ಆ ಮಾತನ್ನು ಆಡಬೇಕೆ? ಎರಡನೆಯದೇ ಸರಿ, ಕೊಳೆಯನ್ನು ಕಳೆದಾಗಲ್ಲ, ಕಳೆದದ್ದನ್ನು ತಕ್ಕ ಜಾಗದಲ್ಲಿ ಇಟ್ಟಾಗಲೇ ಶುದ್ಧಿಯ ಕೆಲಸ ಮುಗಿಯುವುದು ಎಂಬುದು ನನ್ನ ವಾದ. ಜೈನ ಕರ್ಮಸಿದ್ಧಾಂತದ ನೆರವಿಲ್ಲದೆ ಈ ವಾದವನ್ನು ಕಟ್ಟುವುದು ಕಷ್ಟ. ಎಂಜಿನ್ನಿನ ನೆರವಿಲ್ಲದೆ ಅದನ್ನು ಪರೀಕ್ಷಿಸುವುದೂ ಕಷ್ಟ.

ಸಿಲಿಂಡರಿನಲ್ಲಿ ಪೆಟ್ರೋಲು ಹೊತ್ತಿಕೊಂಡಾಗ ಹುಟ್ಟುವ ಒತ್ತಡವೆಲ್ಲ ಪಿಸ್ಟನ್ನನ್ನು ತಳ್ಳುವುದಕ್ಕೇ ಬಳಕೆಯಾಗುವುದಿಲ್ಲ. ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಸ್ವಲ್ಪ ಅನಿಲ ಸಂದಿಯಲ್ಲಿ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಇದಕ್ಕೆ ಬ್ಲೋ-ಬೈ ಎನ್ನುತ್ತಾರೆ. ಉರಿಯದೆ ಉಳಿದ ಇಂಧನ, ನೀರಾವಿ, ಆಮ್ಲಗುಣದ ಅಂಶಗಳು ಅದರಲ್ಲಿರುತ್ತವೆ. ಕ್ರ್ಯಾಂಕು ತಿರುಗುತ್ತ ಎರಚುವ ಎಣ್ಣೆಯ ಸಣ್ಣ ಹನಿಗಳೂ ಅದಕ್ಕೆ ಸೇರಿಕೊಳ್ಳುತ್ತವೆ. ಹೊರದಾರಿ ಕೊಡದಿದ್ದರೆ ಒತ್ತಡ ಏರಿ ಆಯಿಲ್ ಸೀಲುಗಳು ಕಿತ್ತುಬರುತ್ತವೆ. ಹಳೆಯ ಕಾರುಗಳಲ್ಲಿ ಇದಕ್ಕಿದ್ದ ಉಪಾಯ ಸರಳವಾಗಿತ್ತು. ಕ್ರ್ಯಾಂಕ್‌ಕೇಸಿನಿಂದ ಒಂದು ಕೊಳವೆಯನ್ನು ಕಾರಿನ ಅಡಿಗೆ ಇಳಿಬಿಡುತ್ತಿದ್ದರು. ಗಾಡಿ ಓಡುವಾಗ ಕೆಳಗೆ ಬೀಸುವ ಗಾಳಿ ಹಬೆಯನ್ನು ಎಳೆದುಕೊಂಡು ಹೋಗುತ್ತಿತ್ತು. ಎಂಜಿನ್ನಿನ ಮೈ ಮಡಿಯಾಗಿ ಉಳಿಯಿತು, ಊರಿನ ಗಾಳಿ ಮೈಲಿಗೆಯಾಯಿತು. ಲಾಸ್ ಏಂಜಲಿಸ್ಸಿನ ಆಕಾಶವನ್ನು ಕವಿಯುತ್ತಿದ್ದ ಕಣ್ಣುರಿಸುವ ಮಬ್ಬು ಎಲ್ಲಿಂದ ಬಂತು ಎಂಬುದನ್ನು ಹತ್ತಿರದ ಕ್ಯಾಲ್ಟೆಕ್ ವಿದ್ಯಾಸಂಸ್ಥೆಯಲ್ಲಿದ್ದ ಆರೀ ಹಾಗೆನ್-ಸ್ಮಿತ್ 1950ರ ದಶಕದ ಮೊದಲಲ್ಲಿ ತೋರಿಸಿಕೊಟ್ಟರು. ಅದಕ್ಕೆ ಮೊದಲು ಅವರು ಅನಾನಸು ಹಣ್ಣಿನ ಪರಿಮಳವನ್ನು ಶೋಧಿಸುತ್ತಿದ್ದ ರಸಾಯನವಿಜ್ಞಾನಿ. ಉರಿಯದ ಇಂಧನದ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಕೂಡಿ ಆ ಮಬ್ಬು ಹುಟ್ಟುತ್ತದೆ ಎಂದು ಅವರು ಕಂಡುಕೊಂಡರು. ಆ ಆವಿಯಲ್ಲಿ ಗಣನೀಯ ಪಾಲು ಕಾರಿನ ಅಡಿಯ ಕೊಳವೆಯದು. 1961ರಲ್ಲಿ ಕ್ಯಾಲಿಫೋರ್ನಿಯಾ ಆ ಕೊಳವೆಯನ್ನು ಮುಚ್ಚಿಸಿತು. ಅಮೆರಿಕದ ಉಳಿದ ಭಾಗಗಳೂ ಎರಡು ಮೂರು ವರ್ಷದಲ್ಲಿ ಅದೇ ದಾರಿ ಹಿಡಿದವು. ಇನ್ನು ಮೇಲೆ ಕ್ರ್ಯಾಂಕ್‌ಕೇಸಿನ ಹಬೆ ಒಂದು ವಾಲ್ವಿನ ಮೂಲಕ ಎಂಜಿನ್ನು ಗಾಳಿ ಎಳೆದುಕೊಳ್ಳುವ ಇನ್‌ಟೇಕಿಗೇ ಹೋಗಬೇಕು, ಅಲ್ಲೇ ಉರಿಯಬೇಕು. ಈ ವಾಲ್ವನ್ನು ಪಿ.ಸಿ.ವಿ. ಎಂದು ಕರೆಯುತ್ತಾರೆ. ವಾಹನಗಳ ಹೊಗೆಯನ್ನು ಹಿಡಿತಕ್ಕೆ ತರಲು ಅಮೆರಿಕದಲ್ಲಿ ಕಡ್ಡಾಯವಾದ ಮೊದಲ ಉಪಕರಣ ಇದೇ.

ಎಂಜಿನ್ನಿಗೆ ಅದರ ಹಬೆಯನ್ನು ಅದಕ್ಕೇ ಉಣ್ಣಿಸುವ ಈ ಏರ್ಪಾಡು ಕೆಲವು ದಶಕ ಹೆಚ್ಚು ತಕರಾರಿಲ್ಲದೆ ನಡೆಯಿತು. ಆಗ ಪೆಟ್ರೋಲು ಇನ್‌ಟೇಕ್ ವಾಲ್ವಿನ ಹಿಂದೆಯೇ ಗಾಳಿಗೆ ಬೆರೆಯುತ್ತಿತ್ತು. ಹೋಗುತ್ತ ಹೋಗುತ್ತ ವಾಲ್ವಿನ ಬೆನ್ನನ್ನು ತೊಳೆದುಕೊಂಡು ಹೋಗುತ್ತಿತ್ತು. ಡೈರೆಕ್ಟ್ ಇಂಜೆಕ್ಷನ್ ಬಂದ ಮೇಲೆ ಪೆಟ್ರೋಲು ನೇರ ಸಿಲಿಂಡರಿನ ಒಳಗೇ ಚಿಮ್ಮುತ್ತದೆ, ವಾಲ್ವಿನ ಬೆನ್ನಿಗೆ ಆ ಸ್ನಾನ ತಪ್ಪಿತು. ಹಬೆಯಲ್ಲಿ ಬಂದ ಎಣ್ಣೆ ಬಿಸಿ ಲೋಹದ ಮೇಲೆ ಕೂತು, ಬೆಂದು, ಪದರ ಪದರವಾಗಿ ಕರಿ ಕಟ್ಟುತ್ತದೆ. ಟರ್ಬೊ ಇದ್ದರೆ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಕಾರು ನಿಧಾನವಾಗಿ ಓಡುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಎಳೆತ ಇರುತ್ತದೆ, ಹಬೆ ಪಿ.ಸಿ.ವಿ. ವಾಲ್ವಿನ ಮೂಲಕ ಅಲ್ಲಿಗೆ ಹೋಗುತ್ತದೆ. ಟರ್ಬೊ ಗಾಳಿ ತುರುಕಲು ಶುರುಮಾಡಿದ ಕೂಡಲೇ ಮ್ಯಾನಿಫೋಲ್ಡಿನಲ್ಲಿ ಎಳೆತದ ಬದಲು ಒತ್ತಡ ತುಂಬುತ್ತದೆ. ಅಲ್ಲಿನ ಚೆಕ್ ವಾಲ್ವು ಮುಚ್ಚಿಕೊಳ್ಳುತ್ತದೆ. ಆಗ ಹಬೆ ಇನ್ನೊಂದು ಹೋಸಿನಲ್ಲಿ ಹೊರಟು ಟರ್ಬೊದ ಮುಂದಿನ ಪೈಪಿಗೆ ಸೇರಿ, ಟರ್ಬೊವನ್ನೂ ಇಂಟರ್‌ಕೂಲರನ್ನೂ ಒಳಗಿನಿಂದ ಜಿಡ್ಡು ಮಾಡಿಕೊಂಡು ಎಂಜಿನ್ನಿಗೆ ಬರುತ್ತದೆ. ಜಿಡ್ಡು ಹತ್ತಿದ ಇಂಟರ್‌ಕೂಲರು ಗಾಳಿಯನ್ನು ಮೊದಲಿನಷ್ಟು ತಣಿಸಲಾರದು. ಸಿಲಿಂಡರಿಗೆ ಬಿದ್ದ ಎಣ್ಣೆಯ ಹನಿ ಕಿಡಿ ಹೊತ್ತುವ ಮೊದಲೇ ಉರಿ ಹತ್ತಿಸಬಲ್ಲದು. ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಈ ಅಕಾಲದ ಉರಿ ಪಿಸ್ಟನ್ನನ್ನೇ ಒಡೆಯುವಷ್ಟು ಗಂಭೀರವಾದ್ದರಿಂದ 2018ರಲ್ಲಿ ಎಂಜಿನ್ ಆಯಿಲ್ಲಿಗೇ ಹೊಸ ದರ್ಜೆಯೊಂದನ್ನು ಗೊತ್ತುಮಾಡಬೇಕಾಯಿತು. ಹೀಗಾಗಿ ಡಬ್ಬಿ ಹಾಕಿಸುವವರು ಮೊದಲು ತಿಳಿಯಬೇಕಾದದ್ದು ಹಬೆಗೆ ದಾರಿ ಎರಡು ಎಂಬುದನ್ನು. ಒಂದು ಹೋಸಿಗೆ ಡಬ್ಬಿ ಕಟ್ಟಿ ಇನ್ನೊಂದನ್ನು ಬಿಟ್ಟರೆ ಅರ್ಧ ಬಾಗಿಲು ಮುಚ್ಚಿದ ಹಾಗೆ. ಡಬ್ಬಿ ಟರ್ಬೊದ ಕಾವಿನಿಂದ ದೂರ, ತಂಪು ಜಾಗದಲ್ಲಿರಬೇಕು. ತಣಿದರೆ ತಾನೆ ಹಬೆ ಹನಿಯಾಗುವುದು. ಹೋಸು ಎಣ್ಣೆಗೆ ಉಬ್ಬದ ಜಾತಿಯದಾಗಿರಬೇಕು. ಎಲ್ಲಕ್ಕಿಂತ ಮುಖ್ಯ, ಸೋಸಿ ಉಳಿದ ಗಾಳಿ ಮೊದಲಿನ ಹಾಗೆ ಎಂಜಿನ್ನಿಗೇ ವಾಪಸ್ಸಾಗಬೇಕು.

ಇಲ್ಲಿಂದ ಬಸದಿಯ ಕಡೆಗೆ ಹೊರಳೋಣ. ಕರ್ಮವೆಂದರೆ ಬರಿಯ ಮಾಡಿದ ಕೆಲಸ ಅಥವಾ ಅದರ ಫಲವೆಂದು ಹೇಳುವ ದರ್ಶನಗಳು ಹಲವಿವೆ. ಜೈನರು ಮಾತ್ರ ಕರ್ಮವನ್ನು ವಸ್ತುವೆಂದೇ ಹೇಳಿದರು. ಅದು ಪುದ್ಗಲ, ಅತಿ ಸೂಕ್ಷ್ಮವಾದ ಕಣ. ಮನಸ್ಸು, ಮಾತು, ಮೈ ಅಲುಗಿದಾಗ ಆ ಕಣ ಜೀವದ ಕಡೆಗೆ ಹರಿದು ಬರುವುದು ಆಸ್ರವ. ಅಂಟಿಕೊಳ್ಳುವುದು ಬಂಧ. ಹರಿವನ್ನು ತಡೆಯುವುದು ಸಂವರ. ಅಂಟಿದ್ದನ್ನು ಉದುರಿಸುವುದು ನಿರ್ಜರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಏಳು ತತ್ತ್ವಗಳನ್ನು ಎಣಿಸುವಾಗ ಜೀವ, ಅಜೀವಗಳ ಮುಂದೆ ಈ ನಾಲ್ಕನ್ನೂ ಇದೇ ಸರಣಿಯಲ್ಲಿಟ್ಟು ಕೊನೆಯಲ್ಲಿ ಮೋಕ್ಷವನ್ನು ಹೇಳುತ್ತದೆ. ಅಂಟುವುದಕ್ಕೆ ಕಾರಣ ಕಷಾಯ, ಅಂದರೆ ಕ್ರೋಧ, ಮಾನ, ಮಾಯೆ, ಲೋಭ. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಇದಕ್ಕೆ ಕೊಡುವ ದೃಷ್ಟಾಂತ ನಮ್ಮ ವಿಷಯಕ್ಕೆ ಆಶ್ಚರ್ಯವಾಗುವಷ್ಟು ಹತ್ತಿರದ್ದು. ಮೈಗೆ ಎಣ್ಣೆ ಸವರಿಕೊಂಡವನೊಬ್ಬ ಧೂಳಿನ ಜಾಗದಲ್ಲಿ ನಿಂತು ಆಯುಧ ಹಿಡಿದು ಗಿಡಮರ ಕಡಿಯುತ್ತಾನೆ, ಮೈತುಂಬ ಧೂಳು ಮೆತ್ತಿಕೊಳ್ಳುತ್ತದೆ. ಅದೇ ಜಾಗದಲ್ಲಿ ಅದೇ ಕೆಲಸವನ್ನು ಎಣ್ಣೆ ಸವರಿಕೊಳ್ಳದ ಇನ್ನೊಬ್ಬ ಮಾಡಿದರೆ ಧೂಳು ಮೆತ್ತುವುದಿಲ್ಲ. ಧೂಳು ಇಬ್ಬರ ಮೇಲೂ ಹಾರಿತ್ತು. ಮೆತ್ತುವಂತೆ ಮಾಡಿದ್ದು ಜಿಡ್ಡು. ಈ ಸಿದ್ಧಾಂತದ ಮೂಲ ಆಕರಗಳಲ್ಲೊಂದಾದ ಷಟ್ಖಂಡಾಗಮವೂ ಅದರ ಧವಳಾ ಟೀಕೆಯೂ ಮೂಡಬಿದಿರೆಯ ಬಸದಿಯ ತಾಳೆಗರಿಗಳಲ್ಲಿ, ಹಳೆಯ ಕನ್ನಡ ಲಿಪಿಯಲ್ಲಿ ಉಳಿದು ಬಂದವು ಎಂಬುದನ್ನು ನೆನೆದರೆ ಈ ಚಿಂತನೆ ಕನ್ನಡ ನಾಡಿಗೆ ಎಷ್ಟು ಒಳಗಿನದು ಎಂಬುದೂ ತಿಳಿದೀತು.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ರಸ್ತೆಗೆ ಬಾಯಿ ತೆರೆದ ಹಳೆಯ ಕೊಳವೆಯ ಕಾಲದಲ್ಲಿ ಮಾಡಿದವನೊಬ್ಬ, ಉಂಡವನು ಇನ್ನೊಬ್ಬ. ಕ್ಯಾಲಿಫೋರ್ನಿಯಾದ ಕಾನೂನು ತಂದ ಬದಲಾವಣೆಯನ್ನು ಒಂದು ಸಾಲಿನಲ್ಲಿ ಹೇಳುವುದಾದರೆ, ಕರ್ತೃವನ್ನೇ ಭೋಕ್ತೃವಾಗಿಸಿತು. ಕರ್ಮಸಿದ್ಧಾಂತದ ನ್ಯಾಯ ಇದೇ ತಾನೆ. ಆ ನ್ಯಾಯದ ಫಲವಾಗಿ ವಾಲ್ವಿನ ಮೇಲೆ ಕರಿ ಕಟ್ಟಿದರೆ ಅದನ್ನು ತೆಗೆಯುವುದಕ್ಕೂ ಒಂದು ವಿಧಾನವಿದೆ. ಇನ್‌ಟೇಕ್ ಮ್ಯಾನಿಫೋಲ್ಡನ್ನು ಬಿಚ್ಚಿ, ಅಕ್ರೋಟಿನ ಚಿಪ್ಪಿನ ತರಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಕರಿಯನ್ನು ಕೆರೆಯುತ್ತಾರೆ. ಚಿಪ್ಪು ಲೋಹಕ್ಕಿಂತ ಮೆದು, ಕರಿಗಿಂತ ಗಟ್ಟಿ. ಇದು ನಿರ್ಜರೆ, ಅದೂ ತಾನಾಗಿ ಹಣ್ಣಾಗಿ ಉದುರುವ ನಿರ್ಜರೆಯಲ್ಲ, ತಪಸ್ಸಿನಿಂದ ಅವಧಿಗೆ ಮುನ್ನವೇ ಉದುರಿಸುವಂಥದ್ದು. ಡಬ್ಬಿ ಹಾಕಿಸುವುದು ಸಂವರ. ಅಂಟಿದ ಮೇಲೆ ಕೆರೆಯುವ ಬದಲು ಅಂಟುವ ಮೊದಲೇ ತಡೆಯುವುದು ಮೇಲು ಎಂಬುದರಲ್ಲಿ ಯಂತ್ರದ ವಿವೇಕಕ್ಕೂ ಮೋಕ್ಷಮಾರ್ಗದ ವಿವೇಕಕ್ಕೂ ಭಿನ್ನಾಭಿಪ್ರಾಯವಿಲ್ಲ. ತತ್ತ್ವಾರ್ಥಸೂತ್ರದಲ್ಲೂ ಸಂವರ ಮುಂದೆ, ನಿರ್ಜರೆ ಅದರ ಹಿಂದೆ. ಹೊಸತು ಹರಿದು ಬರುತ್ತಲೇ ಇದ್ದರೆ ಹಳೆಯದನ್ನು ಉದುರಿಸಿ ಏನು ಬಂತು?

ಇಷ್ಟಕ್ಕೇ ನಿಲ್ಲಿಸಿದರೆ ಹೋಲಿಕೆ ಚೆಂದವಾಗಿಯೇ ಇದೆ, ಪ್ರಯೋಜನ ಮಾತ್ರ ಕಡಿಮೆ. ಅದು ಮುರಿಯುವ ಜಾಗದಲ್ಲಿ ನಮಗೆ ಬೇಕಾದ್ದು ಸಿಗುತ್ತದೆ. ಜೀವದಿಂದ ಉದುರಿದ ಕರ್ಮಕಣ ಮತ್ತೆ ಬರಿಯ ಪುದ್ಗಲವಾಗುತ್ತದೆ. ಪಕ್ಕದ ಮನೆಯವನಿಗೆ ಹೋಗಿ ಅಂಟಿ ಅವನನ್ನು ನರಕಕ್ಕೆ ನೂಕುವುದಿಲ್ಲ. ಅವನಿಗೆ ಅಂಟುವುದಿದ್ದರೆ ಅವನದೇ ಕಷಾಯದಿಂದ ಅಂಟಬೇಕು. ಹಾಗಾಗಿ ಜೀವದ ಶುದ್ಧಿಯಲ್ಲಿ ಕಳೆದದ್ದು ಎಲ್ಲಿಗೆ ಹೋಯಿತೆಂಬ ಚಿಂತೆಯಿಲ್ಲ, ಕಳೆದರಾಯಿತು. ಎಂಜಿನ್ನಿನ ಎಣ್ಣೆ ಹಾಗಲ್ಲ. ಡಬ್ಬಿಯ ತಿರುಪು ತೆಗೆದಾಗ ಇಳಿಯುವ ದ್ರವ ಎಣ್ಣೆ, ನೀರು, ಪೆಟ್ರೋಲು, ಆಮ್ಲಗಳ ಮಿಶ್ರಣ. ಚಳಿಗಾಲದಲ್ಲಿ ಮಜ್ಜಿಗೆಬಣ್ಣಕ್ಕೆ ತಿರುಗಿ ನೊರೆಕಟ್ಟಿದ ಹಾಗಿರುತ್ತದೆ. ಅದು ಯಾರ ಕಷಾಯವನ್ನೂ ಕೇಳುವುದಿಲ್ಲ. ಮೋರಿಗೆ ಸುರಿದರೆ ಮೋರಿ, ಮೋರಿಯಿಂದ ಕೆರೆ, ಕೆರೆಯಿಂದ ಬಾವಿ ಎಂದು ಹರಿಯುತ್ತದೆ. ಮಣ್ಣಿಗೆ ಸುರಿದರೆ ಮಣ್ಣಿನ ಸಣ್ಣ ಜೀವಗಳನ್ನು ಮುಚ್ಚಿ ಕೊಲ್ಲುತ್ತದೆ. ನಮ್ಮ ಕಡೆ ಗ್ಯಾರೇಜಿನಲ್ಲಿ ತೆಗೆದ ವೇಸ್ಟ್ ಆಯಿಲ್ ಕಾಂಕ್ರೀಟು ಅಂಟದ ಹಾಗೆ ಸೆಂಟ್ರಿಂಗ್ ಶೀಟಿಗೆ, ಗೆದ್ದಲು ಹತ್ತದ ಹಾಗೆ ಬೇಲಿಯ ಗೂಟಕ್ಕೆ, ಧೂಳು ಏಳದ ಹಾಗೆ ಅಂಗಳಕ್ಕೆ ಹೋಗುವುದನ್ನು ಎಲ್ಲರೂ ಬಲ್ಲರು. ಉಪಯೋಗವಾಯಿತು ಎಂಬ ಸಮಾಧಾನ ಅಲ್ಲಿದೆ. ಆದರೆ ಎಣ್ಣೆ ಎಲ್ಲಿಗೂ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಜೀವದ ಶುದ್ಧಿಗೆ ಹೇಳಿದ ಲೆಕ್ಕವನ್ನು ವಸ್ತುವಿನ ಶುದ್ಧಿಗೆ ಹಾಗೆಯೇ ಹಚ್ಚಿದರೆ ಆಗುವ ತಪ್ಪು ಇದು: ನನ್ನಿಂದ ಹೋಯಿತು, ಆದ್ದರಿಂದ ಹೋಯಿತು.

ಈ ತಪ್ಪನ್ನು ಜೈನ ಪರಂಪರೆಯೇ ಮಾಡಿದೆ ಎಂದು ಯಾರಾದರೂ ಹೇಳಿದರೆ ಒಪ್ಪಲಾಗದು. ಸಂವರಕ್ಕೆ ಸಾಧನ ಯಾವುವೆಂದು ಹೇಳುವಾಗ ಉಮಾಸ್ವಾಮಿಗಳು ಮನಸ್ಸು, ಮಾತು, ಮೈಗಳನ್ನು ಹಿಡಿತದಲ್ಲಿಡುವ ಗುಪ್ತಿಗಳ ಜೊತೆಗೆ ಐದು ಸಮಿತಿಗಳನ್ನು ಎಣಿಸುತ್ತಾರೆ. ನಡೆಯುವಾಗ ಎಚ್ಚರ, ಮಾತಾಡುವಾಗ ಎಚ್ಚರ, ಆಹಾರ ಸ್ವೀಕರಿಸುವಾಗ ಎಚ್ಚರ, ವಸ್ತುಗಳನ್ನು ಎತ್ತಿ ಇಡುವಾಗ ಎಚ್ಚರ, ಐದನೆಯದು ಉತ್ಸರ್ಗ. ಮಲಮೂತ್ರಾದಿಗಳನ್ನು ಬಿಡುವ ಮುನ್ನ ಜಾಗವನ್ನು ನೋಡಬೇಕು, ಅಲ್ಲಿ ಜೀವಿಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ನವಿಲುಗರಿಯ ಪಿಂಛಿಯಿಂದ ಮೆಲ್ಲಗೆ ಸವರಿ ಆಮೇಲೆ ಬಿಡಬೇಕು. ಇದನ್ನು ಬರಿಯ ಶೌಚದ ನಿಯಮವೆಂದು ಓದಿ ಮುಂದೆ ಹೋಗುವವರೇ ಹೆಚ್ಚು. ಆದರೆ ಅದನ್ನು ಇಟ್ಟಿರುವ ಜಾಗವನ್ನು ಗಮನಿಸಿ. ಅದು ಸಂವರದ ಒಳಗಿದೆ. ತ್ಯಾಜ್ಯವನ್ನು ಜಾಗ ನೋಡಿ ಇಡುವುದು ಶುದ್ಧಿಯಾದ ಮೇಲಿನ ಉಪಚಾರವಲ್ಲ, ಹೊಸ ಕರ್ಮ ಹರಿಯದ ಹಾಗೆ ತಡೆಯುವ ಸಾಧನಗಳಲ್ಲಿ ಅದೂ ಒಂದು. ಎಚ್ಚರ ತಪ್ಪಿ ಬಿಟ್ಟ ತ್ಯಾಜ್ಯದಿಂದ ಇರುವೆಯೊಂದು ಸತ್ತರೆ, ಮೈಯಿಂದ ಕೊಳೆ ಹೊರಹೋದ ಆ ಗಳಿಗೆಯಲ್ಲೇ ಜೀವಕ್ಕೆ ಹೊಸ ಕೊಳೆ ಒಳಬಂತು. ಹೊರಹಾಕುವುದೇ ಆಸ್ರವದ ಬಾಗಿಲಾಗಬಹುದು ಎಂಬ ಈ ಕಾಣ್ಕೆ ನನಗೆ ಜೈನ ನೀತಿಶಾಸ್ತ್ರದ ಅತಿ ಸೂಕ್ಷ್ಮವಾದ ಮಾತುಗಳಲ್ಲೊಂದಾಗಿ ಕಾಣುತ್ತದೆ. ಅಹಿಂಸೆಯ ಬಗ್ಗೆ ಬರೆಯುವವರು ಊಟದ ವಿಷಯಕ್ಕೆ ಪುಟಗಟ್ಟಲೆ ಕೊಟ್ಟು ಉತ್ಸರ್ಗವನ್ನು ಒಂದು ವಾಕ್ಯದಲ್ಲಿ ಮುಗಿಸುವುದು ಯಾಕೋ ತಿಳಿಯದು.

ಮಡಿಯ ಇನ್ನೊಂದು ಚರಿತ್ರೆಯನ್ನು ಇದರ ಎದುರಿಗಿಟ್ಟು ನೋಡಬೇಕು. ಮನೆಯ ಕೊಳೆಯನ್ನು ಹೊರಲು ಒಂದು ಜಾತಿಯ ಕೈಯನ್ನೇ ಗೊತ್ತುಮಾಡಿ, ಆ ಕೈಯನ್ನು ಮುಟ್ಟದೆ ಉಳಿಯುವುದನ್ನೇ ಶುದ್ಧಿಯೆಂದು ಈ ಸಮಾಜ ಶತಮಾನಗಳ ಕಾಲ ಕರೆಯಿತು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರೇ ಬರಬೇಕಾಯಿತು, ದೇಶದ ಮಟ್ಟದಲ್ಲಿ 2013ರಷ್ಟು ಈಚೆಗೂ ಇದಕ್ಕಾಗಿ ಹೊಸ ಕಾಯ್ದೆ ಮಾಡಬೇಕಾಯಿತು. ಅಲ್ಲಿ ಕೆಲಸ ಮಾಡಿದ ತರ್ಕ ರಸ್ತೆಗೆ ಬಾಯಿ ತೆರೆದ ಕೊಳವೆಯದೇ. ಕೊಳೆ ನನ್ನ ಕಣ್ಣಿನಿಂದ ಮರೆಯಾಯಿತು, ಇನ್ನೊಬ್ಬರ ಮೈಮೇಲೆ ಬಿತ್ತು. ಕ್ಯಾಚ್ ಕ್ಯಾನಿನ ಮಟ್ಟಿಗೂ ಕೇಳಬೇಕಾದ್ದು ಅದನ್ನೇ: ತುಂಬಿದ ಡಬ್ಬಿಯನ್ನು ಖಾಲಿ ಮಾಡುವವರು ಯಾರು? ಸಾಮಾನ್ಯವಾಗಿ ಗ್ಯಾರೇಜಿನಲ್ಲಿ ಕೆಲಸಕ್ಕಿರುವ ಹುಡುಗ, ಗ್ಲೌಸಿಲ್ಲದ ಕೈಯಲ್ಲಿ. ಬಳಸಿದ ಎಂಜಿನ್ ಆಯಿಲ್ಲಿನಲ್ಲಿ ಚರ್ಮಕ್ಕೆ ಕ್ಯಾನ್ಸರು ತರಬಲ್ಲ ಸಂಯುಕ್ತಗಳಿರುತ್ತವೆ. ಮಾಲೀಕನ ವಾಲ್ವು ಥಳಥಳಿಸುತ್ತಿದೆ ಎಂಬುದನ್ನು ಆಗ ಶುದ್ಧಿ ಎನ್ನುವುದಾದರೆ, ಆ ಮಾತಿಗೆ ಹಳೆಯ ಮಡಿಯ ವಾಸನೆ ಇದ್ದೇ ಇರುತ್ತದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೊದಲನೆಯದು, ಜೀವವಿಲ್ಲದ ಯಂತ್ರಕ್ಕೆ ಆಸ್ರವ ಸಂವರಗಳ ಮಾತು ಹಚ್ಚುವುದೇ ಅಸಂಗತ ಎಂಬುದು. ಎಂಜಿನ್ನಿಗೆ ಕಷಾಯವಿಲ್ಲ, ಬಂಧವಿಲ್ಲ, ಮೋಕ್ಷವಂತೂ ಇಲ್ಲವೇ ಇಲ್ಲ. ನಿಜ. ಆದರೆ ಎಂಜಿನ್ನಿಗೆ ಮೋಕ್ಷ ಕೊಡಿಸುವುದು ನನ್ನ ಉದ್ದೇಶವಲ್ಲ. ಕರ್ಮವನ್ನು ವಸ್ತುವೆಂದು ಬಗೆದು, ಅದರ ಹರಿವು, ಅಂಟು, ತಡೆ, ಉದುರುವಿಕೆಗಳನ್ನು ಇಷ್ಟು ಬಿಡಿಸಿ ಹೇಳಿದ ದರ್ಶನ ವಸ್ತುವಿನ ನಡವಳಿಕೆಯನ್ನು ನೋಡಿಯೇ ಆ ಮಾತುಗಳನ್ನು ಕಟ್ಟಿತು. ಕುಂದಕುಂದರ ಎಣ್ಣೆ ಧೂಳಿನ ದೃಷ್ಟಾಂತವೇ ಅದಕ್ಕೆ ಸಾಕ್ಷಿ. ವಸ್ತುವಿನಿಂದ ಪಡೆದ ತಿಳಿವಳಿಕೆಯನ್ನು ವಸ್ತುವಿನ ಮೇಲೆ ಮತ್ತೆ ಹಚ್ಚಿ ನೋಡಬಾರದು ಎನ್ನಲು ಕಾರಣವಿಲ್ಲ. ಹೊಣೆಯಂತೂ ಯಂತ್ರದ್ದಲ್ಲ. ಡಬ್ಬಿಯ ತಿರುಪು ತೆಗೆಯುವವನಿಗೂ ತೆಗೆಸುವವನಿಗೂ ಜೀವವಿದೆ, ಕಷಾಯವೂ ಇದೆ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಎಂಜಿನ್ನು ತನ್ನ ಹಬೆಯನ್ನು ತಾನೇ ಉರಿಸಿ ಮುಗಿಸುತ್ತಿತ್ತು. ಕರ್ತೃವೇ ಭೋಕ್ತೃವಾಗಿದ್ದ ಒಳ್ಳೆಯ ಏರ್ಪಾಡು ಅದು. ಈಗ ಡಬ್ಬಿ ಹಾಕಿಸಿ, ಇಲ್ಲದ ಒಂದು ತ್ಯಾಜ್ಯವನ್ನು ಸೃಷ್ಟಿಸಿ, ಆಮೇಲೆ ಅದನ್ನು ಎಲ್ಲಿಡುವುದೆಂದು ಧರ್ಮಚಿಂತನೆ ಮಾಡುವುದು ಏತಕ್ಕೆ? ಈ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ವಾಲ್ವಿನ ಹಿಂದೆಯೇ ಪೆಟ್ರೋಲು ಚಿಮ್ಮುವ ಪೋರ್ಟ್ ಇಂಜೆಕ್ಷನ್ ಇರುವ ಸಾಮಾನ್ಯ ಕಾರಿಗೆ ಡಬ್ಬಿ ಬೇಕಾಗಿಲ್ಲ. ಡೈರೆಕ್ಟ್ ಇಂಜೆಕ್ಷನ್ ಕಾರುಗಳಲ್ಲೂ ತಯಾರಕರು ಎಣ್ಣೆ ಬೇರ್ಪಡಿಸುವ ಅಂಕಣವೊಂದನ್ನು ಒಳಗೇ ಇಟ್ಟಿರುತ್ತಾರೆ. ಟೊಯೊಟಾದಂಥ ಕೆಲವರು ಎರಡೂ ಬಗೆಯ ಇಂಜೆಕ್ಟರು ಕೂರಿಸಿ ವಾಲ್ವಿಗೆ ಸ್ನಾನವನ್ನು ಮರಳಿ ಕೊಟ್ಟಿದ್ದಾರೆ. ಫೋರ್ಡ್ ಕೂಡ ತನ್ನ 3.5 ಲೀಟರಿನ ಟರ್ಬೊ ಎಂಜಿನ್ನಿಗೆ 2017ರ ಮಾದರಿಯಿಂದ ಹಾಗೆ ಮಾಡಿತು. ತಯಾರಕರು ಇಷ್ಟು ಖರ್ಚು ಮಾಡಿದ್ದೇ ಸಮಸ್ಯೆ ಕಲ್ಪಿತವಲ್ಲ ಎಂಬುದಕ್ಕೆ ಸಾಕ್ಷಿ. ಇನ್ನು, ಉರಿದರೆ ಮುಗಿಯಿತು ಎಂಬುದು ಪೂರ್ತಿ ಸರಿಯಲ್ಲ. ಎಣ್ಣೆಗೆ ಬೆರೆಸಿದ ರಂಜಕ ಉರಿದ ಮೇಲೆ ಹೊಗೆಯ ದಾರಿಯಲ್ಲಿದ್ದು ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಕೂತು ಅದರ ಶಕ್ತಿಯನ್ನು ಕುಂದಿಸುತ್ತದೆ. ಕುಂದಿದ ಕನ್ವರ್ಟರು ವಿಷವನ್ನು ಊರಿಗೆ ಬಿಡುತ್ತದೆ. ತಾನೇ ಉಣ್ಣುತ್ತಿದ್ದೇನೆ ಎಂದುಕೊಂಡವನ ತಟ್ಟೆಯಿಂದಲೂ ಪಕ್ಕದವರ ಎಲೆಗೆ ಬೀಳುತ್ತಲೇ ಇರುತ್ತದೆ. ಹಾಗಾಗಿ ಡಬ್ಬಿ ಇದ್ದರೆ ಶುದ್ಧ, ಇಲ್ಲದಿದ್ದರೆ ಅಶುದ್ಧ ಎಂಬ ತೀರ್ಪು ನನ್ನದಲ್ಲ. ಯಾವ ಏರ್ಪಾಡಿನಲ್ಲೂ ಕೊಳೆಯ ಕೊನೆಯ ನೆಲೆಯನ್ನು ಹುಡುಕಿ ನೋಡಬೇಕು ಎಂಬಷ್ಟೇ.

ಆ ಅಳತೆಗೋಲಿನಲ್ಲಿ ಡಬ್ಬಿಗಳಲ್ಲೇ ಒಂದು ಬಗೆ ನಿಶ್ಚಯವಾಗಿ ಬಿದ್ದುಹೋಗುತ್ತದೆ. ಸೋಸಿದ ಗಾಳಿಯನ್ನು ಎಂಜಿನ್ನಿಗೆ ವಾಪಸು ಕಳಿಸದೆ, ಮೇಲೊಂದು ಪುಟ್ಟ ಫಿಲ್ಟರು ಕೂರಿಸಿ ಹೊರಗಾಳಿಗೆ ಬಿಡುವ ಡಬ್ಬಿಗಳಿವೆ. ಎಂಜಿನ್ನಿಗೆ ಅದರಿಂದ ಹಿತವೇ. ಆದರೆ ಅದು ನೇರವಾಗಿ 1961ಕ್ಕಿಂತ ಹಿಂದಿನ ಕೊಳವೆಗೆ ಮರಳಿದ್ದು. ಫಿಲ್ಟರು ಹನಿಯನ್ನು ಹಿಡಿದೀತು, ಆವಿಯನ್ನು ಹಿಡಿಯಲಾರದು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ಎಂಬ ವಾಹನಹೊಗೆಯ ಮಾನದಂಡದಲ್ಲೂ ಪೆಟ್ರೋಲು ಕಾರಿನ ಕ್ರ್ಯಾಂಕ್‌ಕೇಸಿನಿಂದ ಹೊರಗಾಳಿಗೆ ಏನೂ ಹೋಗಕೂಡದೆಂಬ ಪರೀಕ್ಷೆಯಿದೆ. ರೇಸಿನ ಲೋಕದಲ್ಲಿ ಮಾತ್ರ ಬೇರೆ ನಿಯಮ, ಅದರ ಹಿಂದಿನ ಕಾಳಜಿಯೂ ಬೇರೆ. ಅಲ್ಲಿ ಕ್ರ್ಯಾಂಕ್‌ಕೇಸು ಹೊರಗೆ ಉಸಿರಾಡಬಹುದು, ಆದರೆ ಎಣ್ಣೆ ಟ್ರ್ಯಾಕಿಗೆ ಬಿದ್ದರೆ ಹಿಂದಿನವನು ಜಾರುತ್ತಾನೆ. ಆದ್ದರಿಂದ ಮೋಟಾರು ರೇಸಿನ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎ ನಿಯಮದಂತೆ 2000 ಸಿ.ಸಿ.ವರೆಗಿನ ಎಂಜಿನ್ನಿಗೆ 2 ಲೀಟರಿನ, ಅದಕ್ಕೂ ದೊಡ್ಡದಕ್ಕೆ 3 ಲೀಟರಿನ ಡಬ್ಬಿ ಇರಬೇಕು. ಅದು ಒಳಗಿನದು ಕಾಣುವಂಥ ಪ್ಲಾಸ್ಟಿಕ್ಕಿನದಾಗಿರಬೇಕು, ಇಲ್ಲವೇ ಅದಕ್ಕೊಂದು ಪಾರದರ್ಶಕ ಪಟ್ಟಿ ಇರಬೇಕು. ತುಂಬಿದೆಯೋ ಇಲ್ಲವೋ ಹೊರಗಿನಿಂದಲೇ ಕಾಣಬೇಕೆಂಬ ಈ ಪಟ್ಟಿಯ ವಿವೇಕ ದೊಡ್ಡದು. ಹಿಂದಿನ ಎರಡು ಏರ್ಪಾಡುಗಳಲ್ಲೂ, ಕೊಳೆ ರಸ್ತೆಗೆ ಹೋದಾಗಲೂ ಒಳಗೇ ಉರಿದಾಗಲೂ, ಯಜಮಾನ ಅದನ್ನು ನೋಡುವ ಪ್ರಸಂಗವೇ ಇರಲಿಲ್ಲ. ಡಬ್ಬಿ ಅದನ್ನು ಅವನ ಕಣ್ಣೆದುರು ಕೂಡಿಡುತ್ತದೆ, ಕಂಡ ಮೇಲೆ ತಿಳಿಯದು ಎನ್ನುವ ಹಾಗಿಲ್ಲ. ನೋಡದೆ ಬಿಟ್ಟರೆ ಏನಾಗುತ್ತದೆ ಎಂಬುದೂ ಗೊತ್ತಿರುವ ಸಂಗತಿಯೇ. ಹಿಮ ಬೀಳುವ ದೇಶಗಳಲ್ಲಿ ಡಬ್ಬಿಯೊಳಗಿನ ನೀರು ಹೆಪ್ಪುಗಟ್ಟಿ ಹೋಸು ಕಟ್ಟಿಕೊಂಡು, ಕ್ರ್ಯಾಂಕ್‌ಕೇಸಿನ ಒತ್ತಡ ಏರಿ, ಉಳಿಸಹೊರಟ ಎಂಜಿನ್ನಿನ ಸೀಲೇ ಹಾರಿಹೋಗುವುದುಂಟು.

ಮೂರನೆಯ ಆಕ್ಷೇಪ ಶಾಸ್ತ್ರ ಬಲ್ಲವರದು. ಸಮಿತಿಗಳು ಮುನಿಗಳಿಗೆ ಹೇಳಿದ್ದು. ಗೃಹಸ್ಥನ ಬದುಕೇ ಮನೆಗೆಲಸ, ಕಸುಬುಗಳ ಹಿಂಸೆಯಿಂದ ಕೂಡಿದ್ದು, ಅವನು ಬಿಡಬೇಕಾದ್ದು ಸಂಕಲ್ಪಿಸಿ ಮಾಡುವ ಹಿಂಸೆಯನ್ನು ಮಾತ್ರ. ಅಲ್ಲದೆ ಕಾರು ಓಡಿಸುವುದೇ ಹಿಂಸೆಯಾಗಿರುವಾಗ ಒಂದು ಲೋಟ ಎಣ್ಣೆಯ ಬಗ್ಗೆ ಇಷ್ಟು ಮಡಿವಂತಿಕೆ ಏಕೆ? ಮೊದಲ ಭಾಗಕ್ಕೆ ಉತ್ತರ ಗೃಹಸ್ಥನ ನಡವಳಿಕೆಯನ್ನು ಹೇಳುವ ಶ್ರಾವಕಾಚಾರದಲ್ಲೇ ಇದೆ. ಗೃಹಸ್ಥನ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಒಂದು. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡಬೇಕು ಎಂಬುದು ಅದರ ತಾತ್ಪರ್ಯ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಅದರ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಸೇರಿಸುತ್ತದೆ: ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕೀಳುವುದು. ಕಾರು ಓಡಿಸುವ ಹಿಂಸೆಗೆ ಪ್ರಯೋಜನವೆಂಬ ನೆಪವಾದರೂ ಇದೆ. ಎಣ್ಣೆಯನ್ನು ಮೋರಿಗೆ ಸುರಿಯುವುದಕ್ಕೆ ಸೋಮಾರಿತನದ ಹೊರತು ಯಾವ ಪ್ರಯೋಜನವೂ ಇಲ್ಲ. ಎರಡನೆಯ ಭಾಗಕ್ಕೂ ಉತ್ತರ ಇದರಲ್ಲೇ ಬಂತು. ದೊಡ್ಡದನ್ನು ಬಿಡಲಾರದವನು ಸಣ್ಣದನ್ನೂ ಬಿಡಬೇಕಾಗಿಲ್ಲ ಎಂದು ಗೃಹಸ್ಥನಿಗಾಗಿ ಅಣುವ್ರತಗಳನ್ನು, ಅಂದರೆ ಸಣ್ಣ ವ್ರತಗಳನ್ನು ರೂಪಿಸಿದವರು ಒಪ್ಪಿದ್ದರೆ, ಗೃಹಸ್ಥನಿಗೆ ವ್ರತವೆಂಬುದೇ ಇರುತ್ತಿರಲಿಲ್ಲ. ಸಣ್ಣದರಲ್ಲಿ ತೋರಿದ ಎಚ್ಚರ ದೊಡ್ಡದರ ಹೊಣೆಯನ್ನು ತೀರಿಸಿಬಿಡುತ್ತದೆ ಎಂದು ಯಾರಾದರೂ ನಂಬಿದರೆ ಆಗ ಆಕ್ಷೇಪ ಸರಿಯೇ. ಟರ್ಬೊ ಒತ್ತಿ ಹಾರಿಸಿಕೊಂಡು ಹೋಗುವವನಿಗೆ ಬಾನೆಟ್ಟಿನ ಕೆಳಗಿನ ಡಬ್ಬಿ ಪ್ರಾಯಶ್ಚಿತ್ತವಾಗದು.

ಹಾಗಾದರೆ ತಿರುಪು ತೆಗೆದ ಮೇಲೆ ಏನು? 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಲೆಕ್ಕದಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದು ಪರವಾನಗಿ ಪಡೆದ ಮರುಶುದ್ಧೀಕರಣ ಘಟಕಕ್ಕೆ ಹೋಗಬೇಕು. ಡಬ್ಬಿಯಲ್ಲಿ ಸೇರುವುದು ಕಡಿಮೆ, ಅಷ್ಟಕ್ಕೆಂದೇ ಯಾರೂ ಬಂದು ಒಯ್ಯುವುದಿಲ್ಲ. ಹಳೆಯ ಆಯಿಲ್ ಕ್ಯಾನಿನಲ್ಲಿ ಮುಚ್ಚಿಟ್ಟುಕೊಂಡು, ಸರ್ವಿಸ್ಸಿನ ದಿನ ಎಂಜಿನ್ನಿನಿಂದ ಇಳಿಸಿದ ಎಣ್ಣೆಯ ಜೊತೆಗೆ ಕೊಟ್ಟು, ಆ ಗ್ಯಾರೇಜಿನವರು ಅದನ್ನು ಯಾರಿಗೆ ಮಾರುತ್ತಾರೆಂದು ವಿಚಾರಿಸಬೇಕು. ವಿಚಾರಿಸುವುದೇ ಇಲ್ಲಿ ಜಾಗ ನೋಡುವ ಕೆಲಸ, ಅದಕ್ಕೆ ಪಿಂಛಿ ಬೇಕಾಗಿಲ್ಲ. ಕೊಟ್ಟದ್ದು ಸೆಂಟ್ರಿಂಗ್ ಶೀಟಿಗೋ ಅಂಗಳಕ್ಕೋ ಹೋಗುತ್ತದೆಂದು ತಿಳಿದುಬಂದರೆ, ಬೇರೆ ದಾರಿಯೂ ಊರಿನಲ್ಲಿ ಇಲ್ಲದಿದ್ದರೆ, ಡಬ್ಬಿ ಹಾಕಿಸದೆ ಇರುವುದೇ ವಾಸಿ. ಆಗ ಹಬೆಯ ಬಹುಪಾಲು ಎಂಜಿನ್ನಿನಲ್ಲೇ ಉರಿದೀತು, ವಾಲ್ವಿನ ಮೇಲೆ ಕರಿ ಕೂತೀತು, ಕೆಲವು ವರ್ಷಕ್ಕೊಮ್ಮೆ ಅಕ್ರೋಟಿನ ತರಿಯ ಬಿಲ್ಲು ಬಂದೀತು. ಆ ಬಿಲ್ಲಿನ ಮೇಲೆ ಕಾರಿನ ಯಜಮಾನನ ಹೆಸರೇ ಇರುತ್ತದೆ.